ತೇಲಿದ್ದೆಲ್ಲ ಜೊಳ್ಳಲ್ಲ

ಹೊಸದಾಗಿ ಪ್ರಯೋಗಾಲಯದ ಕೆಲಸಕ್ಕೆ ಸೇರುವ ಮಕ್ಕಳಿಗೆ ಮೊದಲು ಒಂದು ಮಾತು. ಬಿಳಿ ಕೋಟು ಕೊಟ್ಟ ದಿನವೇ ಅದನ್ನು ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಂಡುಬಿಡಿ. ಮಾರನೆಯ ದಿನದಿಂದ ಅದು ಬಿಳಿಯಾಗಿರುವುದಿಲ್ಲ.

ನಾನು ಜಯಮ್ಮ. ಓದಿದ್ದು ಏಳನೇ ಕ್ಲಾಸು. ತೊಂಬತ್ತರ ದಶಕದ ಮೊದಲಲ್ಲಿ ಜೆ.ಪಿ. ನಗರದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿದೆ. ಕೆಲವು ವರ್ಷಗಳಲ್ಲಿ ಜೀವಕೋಶಗಳನ್ನು ಬೆಳೆಸುವ ಕೋಣೆಯ ಸಹಾಯಕಿಯಾದೆ. ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಯಡಿಯೂರಿನ ನಮ್ಮ ಬೀದಿಯವರು ಇವತ್ತಿಗೂ ನಾನು ಯಾವುದೋ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ ಎಂದೇ ತಿಳಿದಿದ್ದಾರೆ. ಬಿಡಿಸಿ ಹೇಳಲು ಹೋದರೆ, "ಹಂಗಾದ್ರೆ ಕ್ಯಾನ್ಸರ್‌ನ ನೀವು ಸಾಕ್ತಿದ್ರಾ?" ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಹೌದು, ಸಾಕುತ್ತಿದ್ದೆ. ಊಟ ಹಾಕಿ, ಬೆಚ್ಚಗಿಟ್ಟು, ಕೊನೆಗೆ ಔಷಧಿ ಹಾಕಿ ಕೊಲ್ಲಲು ನೋಡುತ್ತಿದ್ದೆವು.

ನನ್ನ ತಂಗಿ ರತ್ನಳನ್ನು ಅದೇ ಕೇಂದ್ರಕ್ಕೆ ತೊಳೆಯುವ ಕೆಲಸಕ್ಕೆ ಸೇರಿಸಿದ್ದು ನಾನೇ. ಅವಳು ಅಲ್ಲಿಂದ ಕೆಟ್ಟ ಹೆಸರು ಹೊತ್ತು ಹೋಗುವಂತಾದದ್ದೂ ನನ್ನಿಂದಲೇ. ಈ ಬರಹ ನಿಮಗೆ ಕೆಲಸದ ರೀತಿ ತಿಳಿಸಲು ಎಷ್ಟೋ, ಅವಳ ಹೆಸರನ್ನು ತೊಳೆದು ಒರೆಸಿಡಲೂ ಅಷ್ಟೇ. ಅಷ್ಟು ಹೇಳಿಟ್ಟು ಮುಂದೆ ಹೋಗುತ್ತೇನೆ.

ಜೀವಕೋಶಗಳಿಗೆ ಹಬ್ಬ ಗೊತ್ತಿಲ್ಲ, ಭಾನುವಾರ ಗೊತ್ತಿಲ್ಲ. ಅವು ಬಾಟಲಿಯ ತಳಕ್ಕೆ ಅಂಟಿಕೊಂಡು ಗುಲಾಬಿ ಬಣ್ಣದ ನೀರಿನಲ್ಲಿ ಬೆಳೆಯುತ್ತವೆ. ನೀರು ಹಳದಿಗೆ ತಿರುಗಿತೆಂದರೆ ಹಸಿವಾಗಿದೆ ಎಂದು ಅರ್ಥ. ಗೌರಿ ಹಬ್ಬದ ದಿನ ಬಾಗಿನ ಮುಗಿಸಿ, ರೇಷ್ಮೆ ಸೀರೆಯ ಮೇಲೆ ಕೋಟು ಹಾಕಿಕೊಂಡು ಹೋಗಿ ನೀರು ಬದಲಿಸಿ ಬಂದಿದ್ದೇನೆ. ನನ್ನ ಗಂಡ, "ನಿನ್ನ ತವರುಮನೆಗಿಂತ ಆ ಬಾಟ್ಲಿಗಳದ್ದೇ ಜಾಸ್ತಿ ಆಯ್ತು ಕಣೇ" ಎನ್ನುತ್ತಿದ್ದರು.

ನನ್ನ ಮೇಲಧಿಕಾರಿ ಶಾಲಿನಿ ಮೇಡಂ ಧಾರವಾಡದವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದರು. ದೊಡ್ಡ ಓದು, ದೊಡ್ಡ ದನಿ, ಅಷ್ಟೇ ದೊಡ್ಡ ನಗು. ಒಂದು ಸಲ ಕಪಾಟಿನಲ್ಲಿದ್ದ ಬಾಟಲಿಗಳೆಲ್ಲ ಮಜ್ಜಿಗೆಯ ಹಾಗೆ ಮಂಜಾದವು. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ ನನ್ನ ಕಡೆ ತಿರುಗಿದರು.

"ಅಕ್ಕಾ, ಮುಂಜಾನೆ ಏನ್ ಮಾಡಿ ಬಂದೀರಿ?"

"ಪೂಜೆ ಮಾಡ್ದೆ ಮೇಡಂ."

"ಅದಲ್ರೀ. ನಾಷ್ಟಾ ಏನು?"

"ಸೆಟ್ ದೋಸೆ."

"ಹಿಟ್ಟು ಕೈಲೇ ಕಲಸಿದ್ರೇನು?"

"ಕೈಲಿ ಕಲಸ್ದೆ ಇದ್ರೆ ಹುಳಿ ಹೆಂಗ್ ಬರುತ್ತೆ ಮೇಡಂ?"

"ಬಂದೈತ್ರೀ ಹುಳಿ. ನಮ್ಮ ಬಾಟ್ಲಿಗೂ ಬಂದೈತಿ!"

ದೋಸೆ ಹಿಟ್ಟನ್ನು ಉಬ್ಬಿಸುವ ಅದೇ ಬಗೆಯ ಜೀವಿ ನನ್ನ ಉಗುರಿನ ಸಂದಿಯಲ್ಲಿ ಕೂತು ಜೆ.ಪಿ. ನಗರಕ್ಕೆ ಬಂದಿತ್ತು. ಅವತ್ತಿನಿಂದ ಕೆಲಸದ ದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು. "ಕ್ಯಾನ್ಸರ್ ಹೋಗೋವರೆಗೂ ನಮಗೆ ಇದೇ ಗತಿನಾ?" ಎಂದು ಮನೆಯವರು ಗೊಣಗಿದರು. ಉಗುರು ಕತ್ತರಿಸಿಕೊಳ್ಳಿ ಮಕ್ಕಳೇ. ದೋಸೆ ಭಾನುವಾರ ಸಂಜೆ ತಿನ್ನಿ.

ಆಡಳಿತ ನೋಡಿಕೊಳ್ಳುತ್ತಿದ್ದವರು ಶೇಷಗಿರಿ ಸಾರ್. ಆಯುಧ ಪೂಜೆ ಬಂದರೆ ಅವರನ್ನು ಹಿಡಿಯಲಾಗುತ್ತಿರಲಿಲ್ಲ. ಒಂದು ವರ್ಷ ಕರ್ಪೂರ ಹಚ್ಚಿದ ಆರತಿ ತಟ್ಟೆಯನ್ನು ಹಿಡಿದು ನೇರ ಕೋಶಗಳ ಕೋಣೆಗೇ ನುಗ್ಗಿದರು. ಮೇಡಂ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ಸರ, ದೇವ್ರು ಎಲ್ಲಾ ಕಡೆ ಅದಾನಲ್ರೀ? ಬಾಗಿಲ ಹೊರಗೂ ಅದಾನ." ಅಂದಿನಿಂದ ಕುಂಕುಮ ಬಾಗಿಲಿಗೆ, ಬೂದುಗುಂಬಳ ಗೇಟಿಗೆ. ಒಳಗಿನ ಸೂಕ್ಷ್ಮದರ್ಶಕಕ್ಕೆ ದೂರದಿಂದಲೇ ನಮಸ್ಕಾರ.

ಇನ್ನು ಮುಖ್ಯ ವಿಷಯ. ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮಲ್ಲಿ ಹೊಸ ಬಗೆಯ ಔಷಧಿಯ ಕೆಲಸ ಶುರುವಾಯಿತು. ಅದೇನೆಂದು ಕೇಳಿದಾಗ ಮೇಡಂ ಚಹಾ ಲೋಟ ಕೆಳಗಿಟ್ಟು ಕೂತರು. ಆ ದಿನಗಳಲ್ಲಿ ಅವರ ಮಹಡಿಯಲ್ಲಿದ್ದ ಒಬ್ಬ ಬಾಡಿಗೆದಾರ ಮನೆ ಖಾಲಿ ಮಾಡದೆ ಮಾಲೀಕರನ್ನು ಆಟ ಆಡಿಸುತ್ತಿದ್ದ.

"ನೋಡ್ರಿ ಅಕ್ಕಾ, ನಮ್ಮ ಮೈಯಾಗಿನ ಪ್ರತಿ ಕೋಶಕ್ಕೂ ಒಂದು ಕರಾರು ಇರ್ತೈತಿ. ಕೆಟ್ಟೋದ್ರ, ಹಳೇದಾದ್ರ, ತಾನಾಗೇ ಸಾಯಬೇಕು. ಗದ್ದಲ ಮಾಡಬಾರದು, ಮಗ್ಗಲ ಮನಿಯವ್ರಿಗೆ ತ್ರಾಸ ಕೊಡಬಾರದು. ಸುಮ್ನ ಖಾಲಿ ಮಾಡಬೇಕು."

"ನಿಮ್ ಮಹಡಿಯವನು ಮಾಡಲ್ಲ."

"ಅವನೇ ಕ್ಯಾನ್ಸರ್! ಅವನ ಕಡೆಯಿಂದ ಬಾಗಲ್ದಾಗ ಒಬ್ಬ ಪೈಲ್ವಾನ ನಿಂತಾನ. ನೋಟಿಸ್ ತಂದವರನ್ನೆಲ್ಲ ಹೊರಗೇ ತಡೀತಾನ. ಕೋಶದಾಗೂ ಹಂಗ ಕೆಲವು ಪ್ರೋಟೀನ್ ಇರ್ತಾವ. ಸಾಯು ಅನ್ನೂ ಆಜ್ಞೆ ಬಂದ್ರೂ ಹಿಡಿದು ನಿಲ್ಲಸ್ತಾವ."

"ಮತ್ತೆ ಹಳೇ ಔಷಧಿ?"

"ಅದು ಪೂರಾ ಕಟ್ಟಡಕ್ಕ ಬೆಂಕಿ ಹಚ್ಚಿದಂಗ. ಕೂದಲಾ ಹೋತು, ಹಸಿವೀ ಹೋತು. ಈ ಹೊಸಾದು ಪೈಲ್ವಾನನ ಎರಡೂ ಕೈ ಹಿಡ್ಕೋತೈತಿ, ಅಷ್ಟ. ಆಮ್ಯಾಲ ನೋಟಿಸ್ ತಾನಾಗೇ ಒಳಗ ಹೋಗ್ತೈತಿ."

ದೊಡ್ಡ ದೊಡ್ಡ ಸಭೆಗಳಲ್ಲಿ ಮೇಡಂ ಇಂಗ್ಲಿಷಿನಲ್ಲಿ ಮಾತನಾಡುವುದನ್ನು ಕೇಳಿದ್ದೇನೆ. ನನಗೆ ಅರ್ಥವಾಗಿ ಉಳಿದದ್ದು ಈ ಪೈಲ್ವಾನನೇ.

ಪರೀಕ್ಷೆ ಮಾಡುವ ರೀತಿ ಹೀಗಿತ್ತು. ಗಾಜಿನ ತಟ್ಟೆಗಳ ತಳದಲ್ಲಿ ಕ್ಯಾನ್ಸರ್ ಕೋಶಗಳು ಅಂಟಿಕೊಂಡಿರುತ್ತವೆ. ಮೇಲಿನ ನೀರಿಗೆ ಹೊಸ ಔಷಧಿ ಹಾಕಿ ಬೆಚ್ಚಗಿನ ಪೆಟ್ಟಿಗೆಯಲ್ಲಿಡುತ್ತಾರೆ. ಆಮೇಲೆ ಕೋಶಗಳನ್ನು ಬಿಡಿಸಿಕೊಂಡು ನೀಲಿ ಬಣ್ಣ ಹಾಕಿ ಎಣಿಸುತ್ತಾರೆ. ಸತ್ತ ಕೋಶ ನೀಲಿ ಹೀರುತ್ತದೆ, ಬದುಕಿರುವುದು ಬಿಳಿಯಾಗೇ ಇರುತ್ತದೆ. ಎಣಿಸುವುದು ಮೇಡಂ ಅಥವಾ ಅವರ ವಿದ್ಯಾರ್ಥಿ ಮಂಜುನಾಥ. ತಟ್ಟೆ ಸಿದ್ಧ ಮಾಡುವುದು ಕೆಲವು ದಿನ ಮಂಜುನಾಥ, ಕೆಲವು ದಿನ ನಾನು. "ತೊಳ್ದು, ಬಿಡಿಸಿ ಕೊಡ್ರಿ ಅಕ್ಕಾ" ಎಂದಿದ್ದರು ಮೇಡಂ.

ತೊಳೆಯುವುದು ನನಗೆ ಹೇಳಿಕೊಡಬೇಕೆ? ನಮ್ಮಮ್ಮ ಜಯನಗರದ ಒಂದು ಕಲ್ಯಾಣ ಮಂಟಪದಲ್ಲಿ ಅಡುಗೆಯವರ ಜೊತೆ ಅಕ್ಕಿ ತೊಳೆಯುವ ಕೆಲಸ ಮಾಡುತ್ತಿದ್ದಳು. ನಾನು, ರತ್ನ ಅವಳ ಅಕ್ಕಪಕ್ಕ ಕೂತು ಕಲಿತವರು. ಕೊಳಗಕ್ಕೆ ನೀರು ಬಿಟ್ಟು ಒಂದು ಸಲ ಕೈಯಾಡಿಸಿದರೆ ಜೊಳ್ಳು, ಹೊಟ್ಟು, ಸತ್ತ ಹುಳ ಎಲ್ಲ ಮೇಲೆ ಬರುತ್ತವೆ. "ತೇಲಿದ್ದು ಚೆಲ್ಲು, ಕೂತಿದ್ದು ಬೇಯ್ಸು" ಎಂದು ಅಮ್ಮನ ಪಾಠ. ಔಷಧಿ ಹಾಕಿದ ತಟ್ಟೆಗಳನ್ನು ಹೊರಗೆ ತೆಗೆದಾಗ ನೀರಿನಲ್ಲಿ ಸಣ್ಣ ಸಣ್ಣ ಕಸದಂಥದ್ದು ತೇಲುತ್ತಿತ್ತು. ಮೇಡಮ್ಮಿಗೆ ಇಂಥ ತಟ್ಟೆ ಕೊಡುವುದು ಹೇಗೆ ಎಂದು ನಾನು ಅದನ್ನು ನಾಜೂಕಾಗಿ ಬಗ್ಗಿಸಿ, ತೇಲಿದ್ದನ್ನೆಲ್ಲ ಚೆಲ್ಲಿ, ಇನ್ನೊಂದು ನೀರಿನಲ್ಲಿ ಜಾಲಾಡಿಸಿ, ತಳದಲ್ಲಿ ಕೂತದ್ದನ್ನು ಮಾತ್ರ ಬಿಡಿಸಿ ಕೊಡುತ್ತಿದ್ದೆ. ನನ್ನ ತಟ್ಟೆಗಳನ್ನು ನೋಡಿದವರು, "ಜಯಕ್ಕನ ಕೆಲಸ ಎಷ್ಟು ಕ್ಲೀನು!" ಎನ್ನುತ್ತಿದ್ದರು. ನಾನು ಹಿಗ್ಗುತ್ತಿದ್ದೆ.

ಲೆಕ್ಕ ಮಾತ್ರ ಹುಚ್ಚುಹುಚ್ಚಾಗಿ ಬರತೊಡಗಿತು. ಒಂದು ದಿನ ತಟ್ಟೆ ತುಂಬ ನೀಲಿ. ಇನ್ನೊಂದು ದಿನ ನೀಲಿಯ ಸುಳಿವಿಲ್ಲ, ಕೋಶಗಳೇ ಕಡಿಮೆ. ಮೇಡಂ ತಲೆ ಕೆರೆದುಕೊಂಡರು. "ಒಂದಿನ ಸಾಯ್ತಾವ, ಒಂದಿನ ಸಾಯಂಗಿಲ್ಲ. ಔಷಧಕ್ಕೂ ಮೂಡ್ ಇರ್ತೈತೇನ್ರೀ?" ಯಾವ ತಟ್ಟೆಯನ್ನು ಯಾರು ಸಿದ್ಧ ಮಾಡಿದರು ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ. ಈ ಕೆಲಸಕ್ಕೆ ಹಣ ಹಾಕಿದ್ದ ಹೊರದೇಶದ ಪಾಲುದಾರರು ಬರುವುದರೊಳಗೆ ಒಂದು ತೀರ್ಮಾನಕ್ಕೆ ಬರಬೇಕಿತ್ತು. ಗಾಜಿನ ಮೇಲೆ ಸೋಪು ಉಳಿದರೆ ಕೋಶಗಳು ಸರಿಯಾಗಿ ಅಂಟುವುದಿಲ್ಲ ಎಂದು ಯಾರೋ ನೆನಪಿಸಿದರು. ಎಲ್ಲರ ಕಣ್ಣು ತೊಳೆಯುವ ಕೋಣೆಯ ಕಡೆ ಹೋಯಿತು. ಅಲ್ಲಿ ರತ್ನ ಇದ್ದಳು.

ರತ್ನಳ ಬಗ್ಗೆ ಹೇಳಬೇಕು. ನನಗಿಂತ ಚಿಕ್ಕವಳು, ನನಗಿಂತ ಚುರುಕು, ಬಾಯಿ ಇಬ್ಬರಷ್ಟು. ಸೋಪಿನ ವಿಷಯದಲ್ಲಿ ಅವಳದು ಧಾರಾಳ ಕೈ. ಮೊಣಕೈವರೆಗೆ ನೊರೆ ಇಲ್ಲದಿದ್ದರೆ ಅವಳಿಗೆ ತೊಳೆದ ಹಾಗೇ ಅನ್ನಿಸುತ್ತಿರಲಿಲ್ಲ. ಆದರೆ ಜಾಲಾಡಿಸುವುದರಲ್ಲೂ ಅಷ್ಟೇ ಧಾರಾಳ. ತೊಳೆದ ಬಾಟಲಿಯನ್ನು ಬೆಳಕಿಗೆ ಹಿಡಿದು, "ನೋಡಕ್ಕ, ಇಲ್ದಂಗೆ ಐತೆ" ಎನ್ನುತ್ತಿದ್ದಳು. ಬಾಟಲಿಯೇ ಇಲ್ಲದ ಹಾಗೆ ಎಂದು.

ಒಂದು ಮಧ್ಯಾಹ್ನ ಮಂಜುನಾಥ ಹೊಸ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ. ನಾನು ಪಕ್ಕದಲ್ಲಿ ತಟ್ಟೆಗಳನ್ನು ಜೋಡಿಸುತ್ತಿದ್ದೆ. "ಬದುಕಿರೋ ಸೆಲ್ ತಳಾನ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ. ಸಾಯೋವಾಗ ಗುಂಡಗಾಗಿ ಕೈ ಬಿಡುತ್ತೆ, ಮೇಲೆ ತೇಲುತ್ತೆ. ಅದಕ್ಕೇ ಮೇಲಿನ ನೀರು ಚೆಲ್ಲಬಾರದು. ಚೆಲ್ಲಿದ್ರೆ ಸತ್ತಿದ್ದೆಲ್ಲ ಸಿಂಕಿಗೆ ಹೋಯ್ತು. ಔಷಧಿ ಕೆಲಸಾನೇ ಮಾಡ್ಲಿಲ್ಲ ಅಂತ ಅಂದ್ಕೊಬಿಡ್ತೀರ."

ಜೋಡಿಸುತ್ತಿದ್ದ ತಟ್ಟೆಗಳನ್ನು ಅರ್ಧಕ್ಕೇ ಬಿಟ್ಟು ಎದ್ದೆ. "ಏನಾಯ್ತು ಜಯಕ್ಕ?" ಎಂದ ಮಂಜುನಾಥ. ಏನೂ ಇಲ್ಲ ಎಂದೆ. ತಿಂಗಳುಗಟ್ಟಲೆ ಮೇಡಂ ಹುಡುಕುತ್ತಿದ್ದ ಸಾವನ್ನು ನಾನು ದಿನವೂ ಚೊಕ್ಕಟವಾಗಿ ಮೋರಿಗೆ ಬಿಟ್ಟಿದ್ದೆ.

ನಾಳೆ ಬೆಳಿಗ್ಗೆಯೇ ಹೇಳಿಬಿಡಬೇಕು ಎಂದುಕೊಂಡು ಮನೆಗೆ ಹೋದೆ. ಹೇಗೆ ಹೇಳಬೇಕೆಂಬುದನ್ನು ಸಾರು ಕುದಿಯುವಾಗ ಬಾಯಿಪಾಠವನ್ನೂ ಮಾಡಿಕೊಂಡೆ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶೇಷಗಿರಿ ಸಾರ್ ಎಲ್ಲರನ್ನೂ ತೊಳೆಯುವ ಕೋಣೆಯಲ್ಲಿ ಸೇರಿಸಿದ್ದರು. ಮೇಡಂ ಒಂದು ಪಕ್ಕ ನಿಂತಿದ್ದರು.

"ರತ್ನಮ್ಮ, ನೀವು ಸೋಪು ಸುರಿಯೋದು ನೋಡಿದ್ರೆ ನಮ್ಮ ಬಜೆಟ್ಟೇ ನೊರೆ ಆಗ್ತಿದೆ. ಸೈನ್ಸೂ ಹಾಳಾಗ್ತಿದೆಯಂತೆ."

"ಸಾರ್, ಸೋಪು ಹಾಕ್ತೀನಿ, ಅಷ್ಟೇ ನೀರೂ ಹಾಕ್ತೀನಿ. ಬೇಕಾದ್ರೆ ನಮ್ಮಕ್ಕನ್ನ ಕೇಳಿ." ಅವಳು ನನ್ನ ಕಡೆ ತಿರುಗಿದಳು. ನಗುತ್ತಲೇ ಇದ್ದಳು. ನಾನಿದ್ದೇನೆ ಎಂಬ ಧೈರ್ಯ. "ಹೇಳಕ್ಕ, ನನ್ ಬಾಟ್ಲಿ ದಿನಾ ಎತ್ಕೊಳ್ಳೋಳು ನೀನು. ಯಾವತ್ತಾದ್ರೂ ಸೋಪಿತ್ತಾ?"

ನನ್ನ ಬಿಳಿ ಕೋಟು, ಏಳನೇ ಕ್ಲಾಸಿನವಳಿಗೆ ಆ ಕೋಣೆಯಲ್ಲಿ ಸಿಕ್ಕಿದ್ದ ಸ್ಟೂಲು, 'ಜಯಕ್ಕನ ಕೆಲಸ ಎಷ್ಟು ಕ್ಲೀನು' ಎಂಬ ಮಾತು, ಇವೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬಾಯಿಪಾಠ ಮಾಡಿದ್ದೊಂದೂ ಬಾಯಿಗೆ ಬರಲಿಲ್ಲ.

"ಸ್ವಲ್ಪ ಜಾಸ್ತಿನೇ ಹಾಕ್ತಾಳೆ ಸಾರ್" ಎಂದೆ.

ಅದು ಸುಳ್ಳಲ್ಲ. ಸುಳ್ಳಲ್ಲದ ಮಾತಿನಿಂದ ಎಷ್ಟು ದೊಡ್ಡ ಮೋಸ ಮಾಡಬಹುದೆಂದು ಅವತ್ತು ಕಲಿತೆ. ರತ್ನಳ ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಅವಳನ್ನು ತೋಟದ ಕೆಲಸಕ್ಕೆ ಹಾಕುತ್ತೇವೆಂದರು. "ನಾನ್ ತೊಳೆದಿದ್ರಲ್ಲಿ ಕೊಳೆ ಐತೆ ಅಂದ ಜಾಗ್ದಲ್ಲಿ ನಾನು ನೀರೂ ಕುಡಿಯಲ್ಲ" ಎಂದು ಏಪ್ರನ್ ಬಿಚ್ಚಿ ನಲ್ಲಿಗೆ ನೇತುಹಾಕಿ ಹೊರಟಳು.

ಅಂದಿನಿಂದ ನಾನು ತೇಲಿದ್ದನ್ನು ಚೆಲ್ಲುವುದು ನಿಲ್ಲಿಸಿದೆ. ಯಾರಿಗೂ ಹೇಳದೆ, ಮಂಜುನಾಥನ ಹಾಗೇ ಮೇಲಿನ ನೀರನ್ನೂ ಕೊಳವೆಯಲ್ಲಿ ಹಿಡಿದಿಟ್ಟು, ಕೆಳಗಿನದರೊಂದಿಗೆ ಸೇರಿಸಿ ಕೊಟ್ಟೆ. ತಟ್ಟೆ ತಟ್ಟೆಯಲ್ಲೂ ನೀಲಿ. ಮೇಡಂ ಕುಣಿದುಬಿಟ್ಟರು. "ನೋಡ್ರಿ! ಸೋಪ್ ಹೋತು, ಸಾವು ಬಂತು!" ಊರಿಂದ ತರಿಸಿದ ಪೇಡೆ ಹಂಚಿದರು. ನನಗೆ ಎರಡು ಕೊಟ್ಟರು. ನಾನು ಸರಿಪಡಿಸಿದ ತಪ್ಪೇ ನನ್ನ ತಂಗಿಯ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿಬಿಟ್ಟಿತು.

ಅಷ್ಟೇ ಅಲ್ಲ. ಶೇಷಗಿರಿ ಸಾರ್ ತೊಳೆಯುವ ಕೋಣೆಗೆ ಒಂದು ಬೋರ್ಡು ಹಾಕಿಸಿದರು: 'ಪ್ರತಿಯೊಂದಕ್ಕೂ ಹತ್ತು ನೀರು.' ಆಮೇಲೆ ಬಂದ ಭಾಗ್ಯ ಎಂಬ ಹುಡುಗಿ ಕೈ ಸುಕ್ಕಾಗುವಷ್ಟು ಹತ್ತತ್ತು ಸಲ ಜಾಲಾಡಿಸುತ್ತಿದ್ದಳು. "ಯಾಕಕ್ಕ ಹತ್ತು?" ಎಂದು ಕೇಳಿದರೆ, "ಹಿಂದೆ ಒಬ್ಬರು ಸೋಪು ಬಿಟ್ಟಿದ್ರಂತೆ" ಎಂದು ಯಾರಾದರೂ ಹೇಳುತ್ತಿದ್ದರು. ನಾನು ಕಿವಿ ಕೇಳಿಸದವಳ ಹಾಗೆ ಹಾದುಹೋಗುತ್ತಿದ್ದೆ. ಕೆಲಸಕ್ಕೆ ಸೇರಿದ ಕಡೆ ಕಾರಣ ಯಾರಿಗೂ ಗೊತ್ತಿಲ್ಲದ ನಿಯಮ ಇದ್ದರೆ, ಮಕ್ಕಳೇ, ಅದರ ಕೆಳಗೆ ಯಾರಾದರೂ ಅಡಗಿಕೊಂಡಿದ್ದಾರೋ ನೋಡಿ.

ಔಷಧಿಯ ಕಥೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ತಟ್ಟೆಯಲ್ಲಿ ಗೆದ್ದಿತು, ಇಲಿಗಳಲ್ಲಿ ಮುಗ್ಗರಿಸಿತು. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳೂ ಅಂಥದ್ದೇ ಒಬ್ಬ ಪೈಲ್ವಾನನ ಆಸರೆಯಲ್ಲಿ ಬದುಕುತ್ತವಂತೆ. ಅವನ ಕೈ ಕಟ್ಟಿದರೆ ಅವೂ ಸತ್ತವು. "ಒಳ್ಳೆ ಬಾಡಿಗೆದಾರರಿಗೂ ಅವನೇ ಕಾವಲು ಅಂತ ಯಾರಿಗ್ ಗೊತ್ತಿತ್ರೀ" ಎಂದು ಮೇಡಂ ನಕ್ಕರು. ಎರಡು ದಿನ ಮಾತ್ರ ಕೋಶಗಳ ಕೋಣೆಯ ಕಡೆ ಬರಲಿಲ್ಲ. ಆಮೇಲೆ ಬೇರೆ ದೇಶದವರು ಇನ್ನೊಬ್ಬ ಪೈಲ್ವಾನನನ್ನು ಮಾತ್ರ ಹಿಡಿಯುವ ಔಷಧಿ ಮಾಡಿದರು. ಅದು ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಈಗ ಬಳಕೆಯಲ್ಲಿದೆ. ನಮ್ಮದಲ್ಲದಿದ್ದರೂ ಆ ಸುದ್ದಿ ಬಂದ ದಿನ ನಾನು ಪಾಯಸ ಮಾಡಿದೆ. ಗಾಜಿನ ತಟ್ಟೆ ಹೋಗಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಂತು. ಎಣಿಸಲು ಯಂತ್ರ ಬಂತು. ಕೋಶಗಳ ಗುಲಾಬಿ ನೀರು ತುಂಬಿಡುವ ಬಾಟಲಿಗಳು ಮಾತ್ರ ಗಾಜಿನವೇ ಉಳಿದವು. ಅವಕ್ಕೆ ಹತ್ತು ನೀರೂ ಉಳಿಯಿತು.

ರತ್ನ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಗೌರಿ ಹಬ್ಬಕ್ಕೆ ತಾನೇ ಬಂದು ಬಾಗಿನ ಕೊಟ್ಟು, "ಇದನ್ನ ತೊಳ್ದು ತಂದಿದ್ದೀನಿ, ಸೋಪಿಲ್ಲ" ಎಂದಳು. ಎಲ್ಲರೂ ನಕ್ಕರು. ಬಿಟಿಎಂನಲ್ಲಿ ಹಾಸ್ಟೆಲ್ ಹುಡುಗಿಯರಿಗೆ ಊಟ ಹಾಕುವ ಒಂದು ಮೆಸ್ ಶುರುಮಾಡಿದಳು. ಹುಬ್ಬಳ್ಳಿ, ರಾಯಚೂರಿನ ಕಡೆಯ ಹುಡುಗಿಯರಿಗಾಗಿ ಜೋಳದ ರೊಟ್ಟಿ ಬಡಿಯಲು ಕಲಿತಳು. ಮೆಸ್ಸು ಸಖತ್ತಾಗಿ ನಡೆಯಿತು. ಆದರೆ ಅವಳಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಪ್ರತಿ ತಟ್ಟೆಗೂ ಅನ್ನ ಬಡಿಸುವ ಮೊದಲು ಅದನ್ನು ಮೂಗಿನ ಹತ್ತಿರ ತಂದು ಮೂಸುತ್ತಿದ್ದಳು. ಸೋಪಿನ ವಾಸನೆ ಇದೆಯೋ ಎಂದು. "ಏನಾಂಟಿ, ನಮ್ ತಟ್ಟೆಗೆ ಮುತ್ತು ಕೊಡ್ತಿದ್ದೀರಾ?" ಎಂದು ಹುಡುಗಿಯರು ರೇಗಿಸುತ್ತಿದ್ದರು. ಅವಳೂ ನಗುತ್ತಿದ್ದಳು. ನನಗೆ ಅಲ್ಲಿ ಊಟ ಸೇರುತ್ತಿರಲಿಲ್ಲ.

ನನ್ನ ನಿವೃತ್ತಿಯ ದಿನ ಊಟದ ಏರ್ಪಾಡು ಯಾರದೆಂದು ಮೇಡಂ ಕೇಳಿದಾಗ, ರತ್ನಳದೇ ಆಗಲಿ ಎಂದೆ. ಬರುವುದಿಲ್ಲ ಎನ್ನುತ್ತಾಳೆ ಅಂದುಕೊಂಡಿದ್ದೆ. ಬಂದಳು. ಆಟೋದಿಂದ ಪಾತ್ರೆಗಳನ್ನಿಳಿಸಿ, ಸೌಟು ತೊಳೆಯಲು ನೇರ ತನ್ನ ಹಳೆಯ ಕೋಣೆಗೇ ಹೋದಳು. ಭಾಗ್ಯ ಅಲ್ಲಿ ಎಣಿಸುತ್ತಾ ಜಾಲಾಡಿಸುತ್ತಿದ್ದಳು. ರತ್ನ ಬೋರ್ಡು ನೋಡಿದಳು.

"ಇನ್ನೂ ಐತಾ ಇದು? ನನ್ನ ಹೆಸರು ಒಂದು ಬರೆದಿಲ್ಲ ನೋಡು ಇದರ ಮೇಲೆ."

ಭಾಗ್ಯಳನ್ನು ಹೊರಗೆ ಕಳಿಸಿದೆ. ನಲ್ಲಿಯ ಪಕ್ಕ ನಿಂತು ಹೇಳಿದೆ. ಅಕ್ಕಿ, ಜೊಳ್ಳು, ಅಮ್ಮನ ಪಾಠ, ಸಿಂಕು, ಎಲ್ಲ. ರತ್ನ ಸೌಟನ್ನು ತೊಳೆಯುತ್ತಲೇ ಇದ್ದಳು. ಅಕ್ಕಿಯ ವಿಷಯ ಬಂದಾಗ ಅವಳ ತುಟಿ ನಗುವಿಗೆ ಸ್ವಲ್ಪ ಅಲುಗಿತು.

"ನಾನಾಗಿದ್ರೂ ಚೆಲ್ತಿದ್ದೆ" ಎಂದಳು. ಆಮೇಲೆ ನಲ್ಲಿ ನಿಲ್ಲಿಸಿದಳು. "ಅವತ್ತು ಕೇಳ್ದೆನಲ್ಲ ನಿನ್ನ. ಅವತ್ತು ಗೊತ್ತಿತ್ತಾ?"

"ಹಿಂದಿನ ದಿನ ಗೊತ್ತಾಗಿತ್ತು."

"ಹಿಂದಿನ ದಿನ." ಸೌಟನ್ನು ಒರೆಸಿದಳು. "ಗೊತ್ತಿಲ್ದೆ ಮಾಡಿದ್ರೆ ಈಗ ಇಬ್ರೂ ನಗಬೋದಿತ್ತು ಕಣಕ್ಕ. ಹೋಗು, ಮೇಡಂಗೆ ಹೇಳು. ಅನ್ನ ಬಡಿಸೋಕೆ ಮುಂಚೆ."

ಹೋಗಿ ಹೇಳಿದೆ. ಮೇಡಂ ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟರು. "ತೊಳ್ದು ಕೊಡ್ರಿ ಅಂದಾಕಿ ನಾ. ಮ್ಯಾಲಿಂದು ಚೆಲ್ಲಬ್ಯಾಡ್ರಿ ಅಂತ ಹೇಳಲಿಲ್ಲ. ಅದು ನಂದು. ಆಮ್ಯಾಲಿಂದು ನಿಮ್ಮದು ಅಕ್ಕಾ, ಅದರಾಗ ನಾ ಪಾಲು ತಗೊಳ್ಳಂಗಿಲ್ಲ." ಎದ್ದು ಬಂದು ರತ್ನಳ ಎದುರು ನಿಂತು, "ತಪ್ಪಾತ್ರೀ" ಎಂದರು. ಕುರ್ಚಿ ಹತ್ತಿ ಬೋರ್ಡನ್ನು ತಾವೇ ಕಿತ್ತರು. ಅದರ ಮೊಳೆಯ ಜೊತೆ ಗೋಡೆಯ ಗಾರೆಯೂ ಅಷ್ಟು ಉದುರಿತು. ನಿವೃತ್ತರಾಗಿ ಊಟಕ್ಕೆಂದೇ ಬಂದಿದ್ದ ಶೇಷಗಿರಿ ಸಾರ್ ಮಾತ್ರ, "ಆದ್ರೂ ಸೋಪು ಜಾಸ್ತಿನೇ ಖರ್ಚಾಗ್ತಿತ್ತು" ಎಂದರು. ರತ್ನ ಅವರಿಗೆ, "ಬನ್ನಿ ಸಾರ್, ನಿಮ್ಗೆ ತುಪ್ಪಾನೂ ಜಾಸ್ತಿನೇ ಹಾಕ್ತೀನಿ" ಎಂದಳು.

ಬಡಿಸಲು ಶುರುಮಾಡಿದಳು. ಮೊದಲನೆಯ ತಟ್ಟೆ ಎತ್ತಿದಳು, ಅದು ಅಭ್ಯಾಸದಂತೆ ಮೂಗಿನ ಹತ್ತಿರ ಹೋಯಿತು. ಅರ್ಧದಲ್ಲಿ ಕೈ ನಿಂತಿತು. ಅವಳು ಸಾಲಿನಲ್ಲಿ ನಿಂತಿದ್ದ ನನ್ನನ್ನು ನೋಡಿ, ಆ ತಟ್ಟೆಯನ್ನು ನನ್ನ ಕೈಗಿಟ್ಟಳು.

"ಬಾ ಈ ಕಡೆ. ಇವತ್ತು ನೀನು ಮೂಸು. ನಾನು ಬಡಿಸ್ತೀನಿ."

ಅವತ್ತು ನನಗೆ ಹೂವಿನ ಹಾರ ಹಾಕಿದ್ದರು. ಆ ಹಾರದಲ್ಲೇ ನಿಂತು, ಒಬ್ಬೊಬ್ಬರಿಗೂ ಕೊಡುವ ಮೊದಲು ತಟ್ಟೆ ಎತ್ತಿ ಮೂಸಿದೆ. ಪ್ರತಿ ಸಲವೂ ರತ್ನ ಸೌಟು ಎತ್ತಿ ಹಿಡಿದು ಕಾಯುತ್ತಿದ್ದಳು, "ಹೇಳು" ಎನ್ನುತ್ತಿದ್ದಳು, ಎಲ್ಲರಿಗೂ ಕೇಳುವಂತೆ.

"ಸೋಪಿಲ್ಲ" ಎಂದು ನಾನು ಪ್ರತಿ ತಟ್ಟೆಗೂ ಹೇಳಿದೆ.